ಸಹಾಯ ಬೇಕು: ಹೊಸ ಟ್ರ್ಯಾಕ್ಟರ್‌ಗೆ ಮೊದಲ ಆಯಿಲ್ ಯಾವಾಗ ಬದಲಿಸಬೇಕು?

ಶರಣು ಅಣ್ಣಂದಿರೇ. ನಮ್ಮೂರು ಕಲಬುರಗಿ ಜಿಲ್ಲೆ, ಜೇವರ್ಗಿ ಹತ್ತಿರ. ಅಪ್ಪ ಸಾಲ ಮಾಡಿ ಹೊಸ ಟ್ರ್ಯಾಕ್ಟರ್ ತಂದಿದ್ದಾರೆ. ನಮ್ಮ ಮನೆಗೆ ಇದೇ ಮೊದಲನೇದು. ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ಹೇಳೋ ಅವರ್ ಮೀಟರ್ 46 ತೋರಿಸ್ತಿದೆ. ಪುಸ್ತಕದಲ್ಲಿ 50 ಗಂಟೆಗೆ ಇಂಜಿನ್ ಆಯಿಲ್, ಫಿಲ್ಟರ್ ಎರಡೂ ಬದಲಿಸಿ ಅಂತ ಇದೆ. ಮೆಕ್ಯಾನಿಕ್ ಮಾತ್ರ "ಈಗ್ಲೇ ಯಾಕೆ, 100 ಆಗ್ಲಿ" ಅಂತಾರೆ.

ಹೊಸ ಇಂಜಿನ್‌ನಲ್ಲಿ ಪಿಸ್ಟನ್ ರಿಂಗು ಸವೆದು ಕೂರುವಾಗ ಲೋಹದ ಪುಡಿ ಆಯಿಲ್‌ಗೆ ಸೇರುತ್ತೆ, ಅಲ್ವಾ? ನಿನ್ನೆ ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ನೋಡೋ ಕಡ್ಡಿ) ಎಳೆದು, ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದೆ. ಕಪ್ಪಗಿತ್ತು, ನಡುವೆ ಸಣ್ಣಗೆ ಏನೋ ಮಿಣಮಿಣ ಹೊಳೀತಿತ್ತು. ಡೀಸೆಲ್ ಇಂಜಿನ್ ಆಯಿಲ್ ಬೇಗ ಕಪ್ಪಾಗೋದು ಸಹಜ, ಗೊತ್ತು. ಆ ಹೊಳಪು ನೋಡಿ ಹೆದರಿಕೆ ಆಗಿದೆ.

ಮುಂದಿನ ವಾರ ತೊಗರಿ ಕೊಯ್ದ ಹೊಲಕ್ಕೆ ಪಲ್ಟಿ ನೇಗಿಲು ಹೊಡೀಬೇಕು. ಕರಿ ಭೂಮಿ, ಇಂಜಿನ್‌ಗೆ ಜಾಸ್ತಿ ಭಾರ. ಅದಕ್ಕೆ ಮೊದಲೇ ಬದಲಿಸಲಾ? ಕಂಪನಿದು ಬಿಟ್ಟು ಹೊರಗಿನ ಆಯಿಲ್ ಹಾಕಿದರೆ ವಾರಂಟಿ ಹೋಗುತ್ತಾ? ಓಡಿಸಿ ಅನುಭವ ಇದ್ದವರು ದಯವಿಟ್ಟು ಹೇಳಿ.