ಓಡಿ ಬಂದ ಕಾದ ಮೈಗೆ ತಣ್ಣೀರು ಹಾಕಬಹುದೇ?

ಪ್ರಶ್ನೆ (ರಾಯಚೂರು): ಡಾಕ್ಟರ್ ಅವರಿಗೆ ನಮಸ್ಕಾರ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಗಾಗಿ ದಿನಾಲೂ ಸಂಜೆ 1600 ಮೀಟರ್ ಓಟದ ಅಭ್ಯಾಸ ಮಾಡುತ್ತಿದ್ದೇನೆ. ಓಟ ಮುಗಿಸಿ ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ಮನೆಗೆ ಬಂದ ಮೇಲೂ ಬಹಳ ಹೊತ್ತು ಮೈ ಕಾವು ಇಳಿಯುವುದಿಲ್ಲ. ಕಾದ ಮೈಗೆ ತಣ್ಣೀರು ಬಿದ್ದರೆ ಜ್ವರ ಬರುತ್ತದೆಂದು ಮನೆಯ ಹಿರಿಯರು ತಡೆಯುತ್ತಾರೆ. ಏನು ಮಾಡಲಿ?

ಉತ್ತರ (ಕ್ರೀಡಾ ವೈದ್ಯರು): ನಮಸ್ಕಾರ. ತಣ್ಣೀರಿನಿಂದ ಜ್ವರ ಬರುವುದಿಲ್ಲ, ನಿಶ್ಚಿಂತೆಯಿಂದ ಹಾಕಿಕೊಳ್ಳಿ. ಆದರೆ ಕಣ್ಣು ಕತ್ತಲೆ ಬರುವುದಕ್ಕೆ ಕಾರಣ ಬೇರೆ. ಓಡುವಾಗ ಕಾಲಿನ ಸ್ನಾಯುಗಳು ಪ್ರತಿ ಹೆಜ್ಜೆಗೂ ರಕ್ತವನ್ನು ಹೃದಯದ ಕಡೆಗೆ ಹಿಂಡುತ್ತಿರುತ್ತವೆ. ನೀವು ಥಟ್ಟನೆ ನಿಂತಾಗ ಆ ಹಿಂಡುವಿಕೆ ನಿಂತು, ಬಿಸಿಲಿಗೆ ಮೊದಲೇ ಹಿಗ್ಗಿರುವ ರಕ್ತನಾಳಗಳಲ್ಲಿ ರಕ್ತ ಉಳಿದು, ಮಿದುಳಿಗೆ ಹೋಗುವುದು ಕಡಿಮೆಯಾಗುತ್ತದೆ. ಆದ್ದರಿಂದ ಓಟದ ಬಳಿಕ ಐದು ಹತ್ತು ನಿಮಿಷ ನೆರಳಿನಲ್ಲಿ ನಿಧಾನವಾಗಿ ನಡೆಯಿರಿ. ಆಗಲೂ ತಲೆ ಸುತ್ತಿದರೆ ಮಲಗಿ, ಕಾಲುಗಳನ್ನು ಎತ್ತರದಲ್ಲಿಡಿ. ಓಡುತ್ತಿರುವಾಗಲೇ ಹೀಗಾದರೆ ಮಾತ್ರ ಹೃದಯದ ತಪಾಸಣೆ ಮಾಡಿಸದೆ ಅಭ್ಯಾಸ ಮುಂದುವರಿಸಬೇಡಿ.

ಇನ್ನು ಕಾವಿನ ವಿಚಾರ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ದೇಹದಿಂದ ಹೊರಗೊಯ್ಯುತ್ತದೆ. ರಾಯಚೂರಿನ ಬೇಸಿಗೆಯ ಒಣಗಾಳಿ ಈ ಕೆಲಸಕ್ಕೆ ಬಹಳ ಅನುಕೂಲ. ಅಂಗಿ ತೆಗೆದು, ತಲೆ, ಕುತ್ತಿಗೆ, ಬೆನ್ನು, ತೋಳುಗಳಿಗೆ ನೀರು ಹಾಕಿಕೊಂಡು, ಒರೆಸಿಕೊಳ್ಳದೆ ಫ್ಯಾನಿನ ಕೆಳಗೆ ಕುಳಿತು, ಮೈ ಆರಿದಂತೆಲ್ಲ ಮತ್ತೆ ಒದ್ದೆ ಮಾಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಸಂಜೆ ಮಾಳಿಗೆಯ ಟ್ಯಾಂಕಿನ ನೀರು ಬಿಸಿಯಾಗಿಯೇ ಬರುತ್ತದೆ. ಬೆಳಿಗ್ಗೆಯೇ ಒಂದು ಬಕೆಟ್ ತುಂಬಿಸಿ ನೆರಳಿನಲ್ಲಿಡುವುದು ಒಳ್ಳೆಯದು. ಹೃದ್ರೋಗವಿರುವವರು ಮತ್ತು ವಯಸ್ಸಾದವರು ಮಾತ್ರ ಐಸ್‌ನಂತಹ ನೀರನ್ನು ಒಮ್ಮೆಲೇ ಸುರಿದುಕೊಳ್ಳಬಾರದು, ಏಕೆಂದರೆ ರಕ್ತದೊತ್ತಡ ಹಠಾತ್ತನೆ ಏರುತ್ತದೆ.

ಪ್ರಶ್ನೆ (ಮಂಗಳೂರು): ನಮ್ಮಲ್ಲಿ ಶಟ್ಲ್ ಆಡಿದ ಮೇಲೆ ಬೆವರು ತೊಟ್ಟಿಕ್ಕುತ್ತಲೇ ಇರುತ್ತದೆ, ಸೆಖೆ ಹೋಗುವುದಿಲ್ಲ. ಒದ್ದೆ ಬಟ್ಟೆಯಿಂದಲೂ ಪ್ರಯೋಜನವಾಗಲಿಲ್ಲ.

ಉತ್ತರ: ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಅದು ಆರುವುದೇ ನಿಧಾನ. ನಿಮ್ಮಲ್ಲಿ ತಣ್ಣೀರೇ ನೇರವಾಗಿ ಶಾಖವನ್ನು ಹೀರಿಕೊಳ್ಳಬೇಕು. ಮೊಣಕೈವರೆಗೆ ಎರಡೂ ಕೈಗಳನ್ನು ತಣ್ಣೀರಿನ ಬಕೆಟ್‌ನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡಿ, ಅನಂತರ ಸ್ನಾನ ಮಾಡಿ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ನೀರು ಯಾವುದಾದರೂ ಸರಿ, ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಬರೀ ನೀರನ್ನೇ ಒತ್ತಾಯದಿಂದ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ.

ಪ್ರಶ್ನೆ (ಕಬಡ್ಡಿ ತರಬೇತುದಾರರು): ಅಭ್ಯಾಸದ ನಡುವೆ ಹುಡುಗನೊಬ್ಬ ಅಸಂಬದ್ಧವಾಗಿ ಮಾತಾಡತೊಡಗಿದರೆ? ಬೆವರು ಬರುತ್ತಿದ್ದರೆ ಭಯವಿಲ್ಲ ಎನ್ನುತ್ತಾರೆ.

ಉತ್ತರ: ದಯವಿಟ್ಟು ಆ ಮಾತನ್ನು ನಂಬಬೇಡಿ. ವ್ಯಾಯಾಮದಿಂದ ಬರುವ ಶಾಖಾಘಾತದಲ್ಲಿ ಮೈಯೆಲ್ಲ ಬೆವರಿನಿಂದ ತೊಯ್ದಿರಬಹುದು. ಬಿಸಿಲಿನಲ್ಲಿ ಆಡುತ್ತಿದ್ದವನು ತಡವರಿಸಿದರೆ, ಸಿಟ್ಟಾಗಿ ಕೂಗಾಡಿದರೆ ಅಥವಾ ಕುಸಿದರೆ, ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದೆಯೆಂದೇ ಎಣಿಸಿ; ಕಂಕುಳಿನ ಥರ್ಮಾಮೀಟರ್ ಕಡಿಮೆ ತೋರಿಸಿದರೂ ಕಾಯಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ಅಲ್ಲಿಯೇ ತಂಪು ಮಾಡಲು ತೊಡಗಲಿ. ದೊಡ್ಡ ಟಬ್ ಇದ್ದರೆ ತಲೆಯನ್ನು ಹಿಡಿದುಕೊಂಡು ಕುತ್ತಿಗೆಯವರೆಗೆ ಐಸ್ ನೀರಿನಲ್ಲಿ ಕೂರಿಸಿ. ಇಲ್ಲದಿದ್ದರೆ ಟಾರ್ಪಾಲಿನ ಮೇಲೆ ಮಲಗಿಸಿ, ಅಂಚುಗಳನ್ನು ನಾಲ್ಕು ಜನ ಎತ್ತಿ ಹಿಡಿದು ನೀರು, ಐಸ್ ಸುರಿಯಿರಿ. ಬಾಯಿಗೆ ಏನನ್ನೂ ಹಾಕಬೇಡಿ; ಪ್ಯಾರಾಸಿಟಮಾಲ್‌ಗೆ ಇಲ್ಲಿ ಕೆಲಸವಿಲ್ಲ. ಮೊದಲ ಅರ್ಧ ಗಂಟೆಯೊಳಗೆ ಉಷ್ಣತೆ ಇಳಿದವರು ಬಹುಪಾಲು ಬದುಕಿಕೊಳ್ಳುತ್ತಾರೆ. ಆದ್ದರಿಂದ ಬೇಸಿಗೆಯ ಶಿಬಿರದಲ್ಲಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವ ಮೊದಲೇ ಟಾರ್ಪಾಲು, ನೀರಿನ ಡ್ರಮ್, ಐಸ್ ಪೆಟ್ಟಿಗೆ ಮೈದಾನಕ್ಕೆ ಬಂದಿರಲಿ.