ತೋಟದ ಗುಳಿಮಂಡಲಕ್ಕೆ 20 ವಯಲ್ ಕೊಟ್ಟರೂ ನಾಟಲಿಲ್ಲ, ಅಮೆರಿಕದ ಗಿಲಕಿ ಹಾವಿಗೆ 6 ವಯಲ್ ಸಾಕಾಯ್ತಂತೆ. ಯಾಕೆ?

ಶಿರಸಿ ತೋಟಿಗ:

ಹೋದ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಹಾವು ಕಚ್ಚಿತು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಎತ್ತಲು ಕೈ ಹಾಕಿದ್ದರು, ಅದರಡಿ ಸುತ್ತಿಕೊಂಡು ಕೂತಿತ್ತು. ಗೇಣಿಗಿಂತ ಸ್ವಲ್ಪ ಉದ್ದ ಇರಬಹುದು, ಒಣಗಿದ ಎಲೆಯದ್ದೇ ಬಣ್ಣ. ನಾನು ದೂರದಿಂದ ಮೊಬೈಲಲ್ಲಿ ಒಂದು ಫೋಟೋ ಹೊಡೆದೆ, ಮಬ್ಬಾಗಿ ಬಂತು. ಆಸ್ಪತ್ರೆಯಲ್ಲಿ ನೋಡಿ ಗರಗಸ ಮಂಡಲ ಇರಬೇಕು ಅಂದರು, 10 ವಯಲ್ ಎಎಸ್‌ವಿ, ಅಂದ್ರೆ ಹಾವಿನ ವಿಷ ತಡೆಯುವ ಇಂಜೆಕ್ಷನ್, ಹಾಕಿದರು. ರಕ್ತ ಹೆಪ್ಪುಗಟ್ಟಲಿಲ್ಲ. ಮತ್ತೆ 10. ಆಮೇಲೆ ಮೈಯೆಲ್ಲ ದದ್ದು, ನಡುಕ, ಅದಕ್ಕೆ ಬೇರೆ ಇಂಜೆಕ್ಷನ್. ಕೈ ಮೊಣಕೈ ತನಕ ಬಾತುಕೊಂಡಿತ್ತು. ಆರು ದಿನ ಅಲ್ಲೇ ಇದ್ದೆವು. ಈಗ ಆರಾಮಿದ್ದಾರೆ, ಬಲಗೈ ತೋರುಬೆರಳ ತುದಿ ಮಾತ್ರ ಮರಗಟ್ಟಿದೆ, ಕವಳದ ಎಲೆಗೆ ಸುಣ್ಣ ಹಚ್ಚಲು ಎಡಗೈ ಬಳಸುತ್ತಾರೆ.

ಈಗ ಪ್ರಶ್ನೆ. ನನ್ನ ತಮ್ಮ ಅರಿಜೋನಾದಲ್ಲಿದ್ದಾನೆ. ಅವನ ಪಕ್ಕದ ಮನೆಯವರಿಗೆ ರ‍್ಯಾಟಲ್‌ಸ್ನೇಕ್ ಕಚ್ಚಿತ್ತಂತೆ, ಬಾಲದಲ್ಲಿ ಗಿಲಕಿ ಆಡಿಸುತ್ತದಲ್ಲ, ಅದು. 6 ವಯಲ್ ಕೊಟ್ಟರು, ಎರಡು ದಿನಕ್ಕೆ ಮನೆಗೆ ಬಂದರಂತೆ. ಅವರ ಔಷಧಿ ನಮ್ಮದಕ್ಕಿಂತ ಅಷ್ಟು ಗಟ್ಟಿಯಾ? ಹಾಗಿದ್ದರೆ ಅದನ್ನೇ ತರಿಸಬಾರದಾ?

ಸಿದ್ದಾಪುರ ಹಾವು ಹಿಡಿಯುವವ:

ಫೋಟೋ ಮಬ್ಬಾದರೂ ಹಾಕಿ. ಆದ್ರೆ ನೀವು ಹೇಳಿದ್ದು ಕೇಳಿದರೆ ಗರಗಸ ಮಂಡಲ ಅನ್ನಿಸುವುದಿಲ್ಲ. ಅದು ಒಣ ಬಯಲು, ಕಲ್ಲು ಇರುವ ಕಡೆ ಜಾಸ್ತಿ. ಅಡಿಕೆ ತೋಟದ ತಂಪಲ್ಲಿ, ಹಾಳೆ ಅಡಿ, ಸೊಪ್ಪಿನ ಬೆಟ್ಟದ ತರಗೆಲೆಯಲ್ಲಿ ಕೂರುವುದು ಗೂನು ಮೂಗಿನ ಗುಳಿಮಂಡಲ, ಹಿಪ್ನಾಲೆ ಅಂತಾರೆ. ಮೂಗಿನ ತುದಿ ಮೇಲಕ್ಕೆ ಎದ್ದಿರುತ್ತದೆ. ಮೈ ಸುತ್ತಿಕೊಂಡು ತಲೆ ಮಾತ್ರ ಓರೆಯಾಗಿ ಮೇಲೆತ್ತಿ ಕೂರುತ್ತದೆ. ಕಣ್ಣಿಗೂ ಮೂಗಿಗೂ ನಡುವೆ ಒಂದು ಗುಳಿ ಇರುತ್ತದೆ, ಅದರಿಂದ ಇಲಿ ಕಪ್ಪೆಗಳ ಶಾಖ ತಿಳಿಯುತ್ತದೆ. ಕೊಳಕುಮಂಡಲಕ್ಕೂ ಗರಗಸ ಮಂಡಲಕ್ಕೂ ಆ ಗುಳಿ ಇಲ್ಲ. ತಮಾಷೆ ನೋಡಿ, ನಿಮ್ಮ ತಮ್ಮನ ಊರಿನ ಗಿಲಕಿ ಹಾವಿಗೂ ಗುಳಿ ಇದೆ. ಅಂದ್ರೆ ನಿಮ್ಮಪ್ಪನಿಗೆ ಕಚ್ಚಿದ್ದು ಅದರ ದೂರದ ನೆಂಟ.

ಕಾರವಾರದ ಲ್ಯಾಬ್ ಹುಡುಗ:

ನೆಂಟ ಹೌದು, ಆದ್ರೆ ಔಷಧಿ ನೆಂಟಸ್ತಿಕೆ ನೋಡುವುದಿಲ್ಲ ಮಾರಾಯ್ರೇ. ನಮ್ಮ ಎಎಸ್‌ವಿ ಮಾಡುವುದು ನಾಲ್ಕು ಹಾವಿನ ವಿಷದಿಂದ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚುತ್ತಾರೆ, ಕುದುರೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು (ವಿಷವನ್ನು ಹಿಡಿದು ತಡೆಯುವ ಕಣಗಳು) ತೆಗೆದು ಶುದ್ಧ ಮಾಡಿ ಬಾಟಲಿಗೆ ತುಂಬುತ್ತಾರೆ. ಗುಳಿಮಂಡಲದ ವಿಷ ಕಾಣದ ಕುದುರೆ ಅದಕ್ಕೆ ಏನು ಉತ್ತರ ಕೊಡುತ್ತದೆ? ಹಾಗಾಗಿ 20 ಅಲ್ಲ, 40 ಕೊಟ್ಟರೂ ಅಷ್ಟೇ.

ಇದು ಹಳೇ ಪಾಠ. 1890ರ ದಶಕದಲ್ಲಿ ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯ ನಾಗರದ ವಿಷದಿಂದ ಸೀರಮ್ (ಪ್ರತಿಕಾಯ ಇರುವ ರಕ್ತದ ತಿಳಿ) ಮಾಡಿ, ಅದು ಎಲ್ಲ ಹಾವಿಗೂ ಆಗುತ್ತದೆ ಅಂದುಕೊಂಡಿದ್ದ. ಬ್ರೆಜಿಲ್‌ನಲ್ಲಿ ವಿಟಾಲ್ ಬ್ರಾಜಿಲ್ ಎಂಬ ವೈದ್ಯ ಅದನ್ನು ಅಲ್ಲಿಯ ಗಿಲಕಿ ಹಾವು, ಜರರಾಕಾ ಹಾವುಗಳ ವಿಷದ ಮೇಲೆ ಪರೀಕ್ಷಿಸಿ ನೋಡಿದ, ನಾಟಲಿಲ್ಲ. ಆಮೇಲೆ ಒಂದೊಂದಕ್ಕೂ ಬೇರೆ ಬೇರೆ ಸೀರಮ್ ಮಾಡಿದ.

ಅಮೆರಿಕದ ಔಷಧಿ ಯಾಕೆ ಕೆಲಸ ಮಾಡಿತು ಅಂದ್ರೆ ಅದು ಅಲ್ಲಿಯ ಹಾವಿನದ್ದೇ. ಕ್ರೋಫ್ಯಾಬ್ ಅಂತ ಒಂದಿದೆ, 2000ದಿಂದ ಬಳಕೆಯಲ್ಲಿದೆ. ಮೂರು ಜಾತಿ ಗಿಲಕಿ ಹಾವು, ಜೊತೆಗೆ ಕಾಟನ್‌ಮೌತ್ ಎಂಬ ಅಲ್ಲಿಯ ಇನ್ನೊಂದು ಹಾವು, ಇವುಗಳ ವಿಷದಿಂದ ಮಾಡಿದ್ದು. ಒಂದೊಂದು ವಿಷಕ್ಕೂ ಕುರಿಗಳ ಬೇರೆ ಬೇರೆ ಹಿಂಡು. ಆಮೇಲೆ ಆ ವಿಷವನ್ನೇ ಅಂಟಿಸಿದ ಕೊಳವೆಯಲ್ಲಿ ಸೀರಮ್ ಹರಿಸಿ, ಹಿಡಿದುಕೊಂಡ ಪ್ರತಿಕಾಯಗಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ನಮ್ಮ ಬಾಟಲಿಯಲ್ಲಿ ಹಾಗಲ್ಲ, ಕುದುರೆ ಹಿಂದೆ ಕಂಡ ಜ್ವರ, ಹುಳ ಎಲ್ಲದರ ಪ್ರತಿಕಾಯವೂ ಸೇರಿರುತ್ತದೆ, ಹಾವಿನ ವಿಷ ಹಿಡಿಯುವವು ಸ್ವಲ್ಪ ಪಾಲು ಮಾತ್ರ. ಅದಕ್ಕೇ ಜಾಸ್ತಿ ವಯಲ್, ಜಾಸ್ತಿ ದದ್ದು ನಡುಕ.

ಹಾಗಂತ ಅವರದ್ದೂ ಪೂರ್ತಿ ಸರಿಯಿಲ್ಲ. ಕ್ರೋಫ್ಯಾಬ್‌ನಲ್ಲಿ ಇಡೀ ಪ್ರತಿಕಾಯ ಇಲ್ಲ, ಅದರ ಒಂದು ತುಂಡು ಮಾತ್ರ; ಆ ತುಂಡು ಚಿಕ್ಕದು, ಮೂತ್ರಪಿಂಡದಿಂದ ಬೇಗ ಹೊರಟುಹೋಗುತ್ತದೆ. ಮಾಂಸದಲ್ಲಿ ಅವಿತ ವಿಷ ಆಮೇಲೆ ನಿಧಾನ ಹೊರಗೆ ಬರುತ್ತದೆ. ಆರಾಮಾಯ್ತು ಅಂತ ಮನೆಗೆ ಹೋದವರಿಗೆ ಮೂರು ನಾಲ್ಕು ದಿನದಲ್ಲಿ ಪ್ಲೇಟ್‌ಲೆಟ್ ಮತ್ತೆ ಇಳಿದಿದ್ದುಂಟು. ಅದಕ್ಕೇ ಮೊದಲ ಡೋಸ್ ಆದ ಮೇಲೆ 6, 12, 18 ಗಂಟೆಗೆ ಎರಡೆರಡು ವಯಲ್ ಕೊಡುತ್ತಾರೆ. ನಿಮ್ಮ ತಮ್ಮ ಲೆಕ್ಕ ಹಾಕಿದ್ದು ಮೊದಲ ಡೋಸ್ ಮಾತ್ರ ಇರಬೇಕು! 2015ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕ ಅನಾವಿಪ್ ಎಂಬ ಇನ್ನೊಂದು ಔಷಧಿಯಲ್ಲಿ ತುಂಡು ದೊಡ್ಡದು, ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ನಮ್ಮ ಎಎಸ್‌ವಿ ಕೂಡ ಆ ದೊಡ್ಡ ತುಂಡಿನದ್ದೇ, ಅಷ್ಟರ ಮಟ್ಟಿಗೆ ನಾವು ಹಿಂದಿಲ್ಲ. ಇನ್ನು ಬೆಲೆ. ಅಲ್ಲಿ ಒಂದು ವಯಲ್‌ಗೆ ಸಾವಿರಾರು ಡಾಲರ್, ತರಿಸುವ ಮಾತು ಬಿಡಿ.

ಶಿರಸಿ ತೋಟಿಗ:

ಸರಿ, ಆದ್ರೆ ಕೊಳಕುಮಂಡಲ ಕಚ್ಚಿದ್ದರೆ ನಮ್ಮ ಇಂಜೆಕ್ಷನ್ ಪೂರ್ತಿ ಕೆಲಸ ಮಾಡುತ್ತಿತ್ತಾ?

ಕಾರವಾರದ ಲ್ಯಾಬ್ ಹುಡುಗ:

ಮಾಡುತ್ತದೆ, ಜೀವ ಉಳಿಸುತ್ತದೆ. ಪೂರ್ತಿ ಅಂತ ಕೇಳಿದರೆ ಊರು ನೋಡಬೇಕು. ದೇಶಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳರ (ಹಾವು ಹಿಡಿಯುವ ಬುಡಕಟ್ಟಿನವರ) ಸಹಕಾರ ಸಂಘದಿಂದ, ಅಂದ್ರೆ ಆ ಕಡೆಯ ಹಾವಿನದ್ದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ಬೇರೆ ಬೇರೆ ರಾಜ್ಯದ ಹಾವಿನ ವಿಷ ಹೋಲಿಸಿ ನೋಡಿದೆ, ಒಂದೇ ಜಾತಿಯಲ್ಲೂ ಊರಿಂದೂರಿಗೆ ವಿಷ ಬೇರೆ. ಗಿಲಕಿ ಹಾವಿನಲ್ಲೂ ಇದೇ ಕಥೆ. ಮೊಹಾವಿ ಅನ್ನುವ ಜಾತಿ ಹೆಚ್ಚಿನ ಕಡೆ ನರಕ್ಕೆ ಹೊಡೆಯುತ್ತದೆ, ಅರಿಜೋನಾದ ಒಂದು ಭಾಗದಲ್ಲಿ ಮಾತ್ರ ಆ ನಂಜು ಇಲ್ಲವೇ ಇಲ್ಲ, ಬದಲಿಗೆ ರಕ್ತ ಸೋರಿಸುತ್ತದೆ. ಹಾಗಾಗಿ ಔಷಧಿ ಸುಧಾರಿಸಬೇಕು ಅಂದ್ರೆ ಮೊದಲ ಕೆಲಸ ಕುದುರೆಗೆ ನಮ್ಮ ಘಟ್ಟದ ವಿಷವನ್ನೂ ತೋರಿಸುವುದು. ಗುಳಿಮಂಡಲಕ್ಕೂ ದಾರಿ ಇಲ್ಲ ಅಂತಲ್ಲ: ಥಾಯ್ಲೆಂಡ್‌ನವರು ಮಲಯನ್ ಗುಳಿಮಂಡಲಕ್ಕೆ ಮಾಡಿದ ಔಷಧಿ ಹಿಪ್ನಾಲೆ ವಿಷವನ್ನು ಲ್ಯಾಬಿನ ಇಲಿಗಳಲ್ಲಿ ತಡೆದಿದೆ. ನಮ್ಮ ಆಸ್ಪತ್ರೆಗಳಿಗೆ ಬಂದಿಲ್ಲ ಅಷ್ಟೇ.

ಇನ್ನೊಂದು, ವಾರೆಸ್ಪ್ಲಾಡಿಬ್ ಎಂಬ ಗುಳಿಗೆ. ವಿಷದ ಒಂದು ಮುಖ್ಯ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಮೆರಿಕ ಮತ್ತು ಭಾರತದಲ್ಲಿ ಹಾವು ಕಚ್ಚಿದವರ ಮೇಲೇ ಪರೀಕ್ಷೆ ನಡೆದಿದೆ. ಎಎಸ್‌ವಿ ಬದಲಿಗೆ ಅಲ್ಲ, ಅದರ ಜೊತೆಗೆ. ದೇವಿಮನೆ ಘಟ್ಟದಲ್ಲಿ ಆಂಬುಲೆನ್ಸ್ ಇಳಿಯುವ ಹೊತ್ತಿಗೆ ನುಂಗಿಸುವಂಥದ್ದು ಒಂದು ಸಿಕ್ಕರೆ ಯಾರು ಬೇಡ ಅಂತಾರೆ?

ಹಳ್ಳಿಮನೆ ಕುಮಟಾ:

ಇಷ್ಟೆಲ್ಲ ಯಾಕೆ, ನಮ್ಮೂರಲ್ಲಿ ಬೇರು ಅರೆದು ಕೊಡುವ ಅಜ್ಜ ಇದ್ದರು, ಎಷ್ಟೋ ಜನ ಬದುಕಿದ್ದಾರೆ.

ಅಂಕೋಲೆ ಸಿಸ್ಟರ್:

ಬದುಕಿದವರಿಗೆ ಕಚ್ಚಿದ್ದು ಕೇರೆ ಹಾವೋ, ವಿಷ ಇಳಿಸದೆ ಬರೀ ಹಲ್ಲೂರಿದ ನಾಗರವೋ, ಅದು ಅಜ್ಜನಿಗೂ ಗೊತ್ತಿಲ್ಲ ತಮ್ಮಾ. ಬೇರು ಅರೆದು ಎರಡು ತಾಸು ಕಳೆದು ಬಂದವರನ್ನು ನಾನು ನೋಡಿದ್ದೇನೆ.

ತೋಟಿಗರೇ, ನಿಮ್ಮ ವೈದ್ಯರ ಮೇಲೆ ಸಿಟ್ಟು ಬೇಡ. ಹಾವು ಯಾವುದು ಅಂತ ಖಚಿತ ಇಲ್ಲ, ರಕ್ತ ಹೆಪ್ಪುಗಟ್ಟುತ್ತಿಲ್ಲ, ಕೊಳಕುಮಂಡಲವೂ ಇರಬಹುದು ಅಂದಾಗ ಎಎಸ್‌ವಿ ಕೊಡುವುದೇ ಸರಿ. ಪ್ರಶ್ನೆ ಬರುವುದು ಎರಡನೇ 10ರ ಹೊತ್ತಿಗೆ. ನಾವು 2 ಎಂಎಲ್ ರಕ್ತ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಒಮ್ಮೆ ಓರೆ ಮಾಡಿ ನೋಡುತ್ತೇವೆ. ಟ್ಯೂಬು ಹೊಸದಿರಬೇಕು, ಸೋಪಿನಲ್ಲಿ ತೊಳೆದದ್ದೋ ಪ್ಲಾಸ್ಟಿಕ್ಕೋ ಆದರೆ ಆರೋಗ್ಯವಂತರ ರಕ್ತವೂ ಗಟ್ಟಿಯಾಗದೇ ಇರಬಹುದು, ಸುಮ್ನೆ ಔಷಧಿ ಹೋಗುತ್ತದೆ. ಡೋಸ್ ಕೊಟ್ಟ ಮೇಲೂ 6 ಗಂಟೆಗೊಮ್ಮೆ ನೋಡಬೇಕು. ಆಗ ಒಂದು ಸ್ಪಷ್ಟ ಫೋಟೋ ಇದ್ದರೆ ಗುಳಿಮಂಡಲ ಅಂತ ತಿಳಿದು ಎಎಸ್‌ವಿ ನಿಲ್ಲಿಸಿ, ಮೂತ್ರಪಿಂಡ ನೋಡಿಕೊಳ್ಳಲು ಶುರು ಮಾಡಬಹುದು. ಅದೇ ಇದರಲ್ಲಿ ಅಪಾಯದ ಜಾಗ. ಅಪ್ಪಯ್ಯನ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಆಮೇಲೆ ನೋಡಿಸಿದ್ದೀರಾ?

ಫೋಟೋಗೋಸ್ಕರ ಹಾವಿನ ಹಿಂದೆ ಹೋಗಬೇಡಿ. ಬಿಗಿಯಾಗಿ ಕಟ್ಟಬೇಡಿ, ಉಂಗುರ ತೆಗೆಯಿರಿ, ಕೈ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು. ವರದಿಯಲ್ಲಿ ಗುಳಿಮಂಡಲ ಅಂತ ಬರೆದರೆ ತಾನೇ ಅದಕ್ಕೂ ಔಷಧಿ ಬೇಕು ಅಂತ ಮೇಲಿನವರಿಗೆ ತಿಳಿಯುವುದು? ನಾವು 'ಗೊತ್ತಿಲ್ಲದ ಹಾವು' ಅಂತ ಬರೆದು ಮುಗಿಸುತ್ತೇವೆ.

ಶಿರಸಿ ತೋಟಿಗ:

ಕ್ರಿಯಾಟಿನಿನ್ ಬಿಡುಗಡೆ ದಿನ ನೋಡಿದ್ದೇ ಕೊನೆ. ಸೋಮವಾರ ಕರೆದುಕೊಂಡು ಹೋಗುತ್ತೇನೆ ಸಿಸ್ಟರ್. ಫೋಟೋ ದೊಡ್ಡದು ಮಾಡಿ ನೋಡಿದೆ, ಮೂಗು ಮೇಲಕ್ಕೆ ಎದ್ದಿದ್ದು ಕಾಣುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಏನಿದೆ ಅಂತ ಈಗ ತೆಗೆದು ನೋಡಿದೆ. 'ಹಾವು ಕಡಿತ' ಅಂತಷ್ಟೇ ಇದೆ. ಸೋಮವಾರ ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋಗಿ ಅದರಲ್ಲಿ ಹೆಸರು ಬರೆಸಲು ಆಗುತ್ತದಾ ಕೇಳುತ್ತೇನೆ.