ತಾತನ ಕೇಪಿನ ಕೋವಿ: ಸೀಸದ ಗುಂಡಿಗೆ ಕಡಿಮೆ ಈಡು ಹಾಕಲು ಯಾವ ಮದ್ದು?

ಮಧುಗಿರಿ ರೈತ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಧುಗಿರಿ ತಾಲ್ಲೂಕು. ಕಡಲೆಕಾಯಿ ಹೊಲ, ಪಕ್ಕದಲ್ಲೇ ಕುರುಚಲು ಕಾಡು. ತಾತನ ಕಾಲದಿಂದ ಮನೆಯಲ್ಲಿ ಒಂದು ಕೇಪಿನ ಕೋವಿ ಇದೆ, ಬಾಯಿಯಿಂದ ಮದ್ದು, ಗುಂಡು ತುಂಬಿ, ಬುಡದಲ್ಲಿ ಕಿಡಿ ಹೊತ್ತಿಸುವ ಸಣ್ಣ ಟೊಪ್ಪಿ (ಕೇಪು) ಇಟ್ಟು ಹಾರಿಸುವಂಥದ್ದು. ಬೆಳೆ ರಕ್ಷಣೆಯ ಪರವಾನಗಿ ತಾತನಿಂದ ತಂದೆಗೆ, ತಂದೆ ತೀರಿಕೊಂಡ ಮೇಲೆ ನನ್ನ ಹೆಸರಿಗೆ ಬಂದಿದೆ. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಟ್ಟು ಬರುವುದು, ಮುಗಿದ ಮೇಲೆ ತಂದು ಎಣ್ಣೆ ಹಚ್ಚಿ ಒರೆಸಿ ಇಡುವುದು, ಇಷ್ಟೇ ನನಗೂ ಅದಕ್ಕೂ ಇರುವ ಒಡನಾಟ. ನಾನು ಅದನ್ನು ಹಾರಿಸಿದ್ದು ಒಂದೇ ಸಲ. ತಂದೆ ಪಕ್ಕದಲ್ಲಿ ನಿಂತಿದ್ದರು, ಒಳಗೆ ಗುಂಡಿರಲಿಲ್ಲ, ಬರೀ ಸದ್ದು.

ಕೇಪನ್ನು ಹೊಡೆಯುವ ಕುದುರೆಯ ಪಕ್ಕದ ಕಬ್ಬಿಣದ ತಟ್ಟೆಯ ಮೇಲೆ ಕಿರೀಟದ ಗುರುತು ಇದೆ. ಅದರ ಮುಂದೆ ಇಂಗ್ಲಿಷಿನಲ್ಲಿ ‘ಟವರ್’ ಎಂದೂ 1857 ಎಂದೂ ಕೆತ್ತಿದೆ. ನಳಿಗೆಯನ್ನು ಮರಕ್ಕೆ ಮೂರು ಪಟ್ಟಿಗಳು ಹಿಡಿದಿವೆ. ಹೋದ ತಿಂಗಳು ಅಟ್ಟ ಇಳಿಸುವಾಗ ತಾತನ ತಗಡಿನ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಇಕ್ಕಳದಂತಹ ಗುಂಡಿನ ಅಚ್ಚು, ಸೀಸದ ಎರಡು ಗಟ್ಟಿ, ಕೊಂಬಿನಿಂದ ಮಾಡಿದ ಒಂದು ಅಳತೆಯ ಬಟ್ಟಲು ಇದ್ದವು. ಅವನ್ನು ನೋಡಿದಾಗಿನಿಂದ ಈ ಕೋವಿಯಲ್ಲಿ ತಾತನ ಅಚ್ಚಿನ ಗುಂಡನ್ನೇ ಒಮ್ಮೆ ಹಾರಿಸಬೇಕು ಎಂಬ ಆಸೆ ಹತ್ತಿದೆ. ಪ್ರಾಣಿ ಹೊಡೆಯಲು ಅಲ್ಲ. ಆಯುಧಪೂಜೆಯ ದಿನ ಪೂಜೆ ಮಾಡಿ, ಕೆರೆ ಏರಿಯ ಮಣ್ಣಿಗೆ ಒಂದು ಗುಂಡು, ಅಷ್ಟೇ. ನೂರೈವತ್ತು ವರ್ಷ ದಾಟಿದ ಕಬ್ಬಿಣವಾದ್ದರಿಂದ ಈಡು, ಅಂದರೆ ಒಂದು ಸಲಕ್ಕೆ ತುಂಬುವ ಮದ್ದು, ಅರ್ಧದಷ್ಟೇ ಇರಲಿ ಎಂಬುದು ನನ್ನ ಯೋಚನೆ.

ಕರಿಮದ್ದು ಈಗ ಸುಲಭವಾಗಿ ಸಿಗುತ್ತಿಲ್ಲ. ನಮ್ಮೂರಿನ ಚಹಾ ಅಂಗಡಿಯಲ್ಲಿ ಒಬ್ಬರು, ‘ಹನ್ನೆರಡು ಬೋರಿನ ತೋಟಾ ಬಿಚ್ಚಿ ಅದರ ಮದ್ದು ಹಾಕು, ಹೊಗೆಯೂ ಕಡಿಮೆ, ನಳಿಗೆಯೂ ಕೊಳೆಯಾಗುವುದಿಲ್ಲ, ಅರ್ಧ ಬಟ್ಟಲು ಸಾಕು’ ಎಂದರು. ಇದು ಸರಿಯೇ? ತಿಳಿದವರು ಹೇಳಬೇಕು.

ಶಿರಾ ಸೀಮೆ:

ನಮ್ಮ ಸೋದರಮಾವ ಹಾಗೇ ಮಾಡುತ್ತಿದ್ದರು, ನಾನೇ ನೋಡಿದ್ದೇನೆ. ಏನೂ ಆಗಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ ಹಾಕಿ.

ಕೋಲಾರದ ನಿವೃತ್ತ:

ಮಧುಗಿರಿಯವರೇ, ದಯವಿಟ್ಟು ಆ ತೋಟಾ ಬಿಚ್ಚಬೇಡಿ. ಬಿಚ್ಚಿದ್ದರೆ ಆ ಮದ್ದನ್ನು ಕೋವಿಯ ಹತ್ತಿರ ತರಬೇಡಿ. ಮಿಕ್ಕ ಮಾತು ಆಮೇಲೆ.

ನಾನು ಇಪ್ಪತ್ತೇಳು ವರ್ಷ ಶಸ್ತ್ರಾಗಾರದಲ್ಲಿ ಆಯುಧ ರಿಪೇರಿಯ ಆರ್ಮರರ್ ಕೆಲಸ ಮಾಡಿದವನು. ತಂದೆ ಕೆಜಿಎಫ್ ಗಣಿಯಲ್ಲಿ ಸಿಡಿಮದ್ದಿನ ಕೆಲಸದಲ್ಲಿದ್ದರು. ಊಟಕ್ಕೆ ಕೂತಾಗಲೂ ‘ಮದ್ದಿಗೆ ಕಣ್ಣಳತೆ ಆಗದು’ ಎನ್ನುತ್ತಿದ್ದರು. ಶಿರಾದವರು ‘ಏನೂ ಆಗಲಿಲ್ಲ’ ಎಂದಿದ್ದಾರೆ. ಒಬ್ಬ ರೈತರು ನನ್ನ ಮೇಜಿನ ಮೇಲೆ ತಂದಿಟ್ಟ ಕೋವಿಯ ಕಥೆಯೂ ಅದೇ. ಮೊದಲ ಈಡಿಗೆ ಏನೂ ಆಗಲಿಲ್ಲ, ಎರಡನೆಯದಕ್ಕೂ ಆಗಲಿಲ್ಲ. ಮೂರನೆಯದಕ್ಕೆ ನಳಿಗೆ ಬುಡದಿಂದ ಒಂದು ಗೇಣು ಮೇಲೆ ಬಾಳೆಹೂವಿನ ಎಸಳಿನ ಹಾಗೆ ಬಿರಿದುಕೊಂಡಿತ್ತು. ಕೇಪು ಕೂರುವ ನಿಪ್ಪಲ್ ಹಾರಿಹೋಗಿ ಅದರ ತೂತು ಮಾತ್ರ ಉಳಿದಿತ್ತು. ಅವರ ಎಡಗೈಯ ಎರಡು ಬೆರಳುಗಳೂ ಇರಲಿಲ್ಲ. ಬಿರಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದೆ, ಹರಿದ ತಗಡಿನಂತೆ ಚೂಪಾಗಿತ್ತು. ಹಾಕಿದ್ದು ತೋಟಾದ ಮದ್ದು, ಅದೂ ‘ಅರ್ಧ ಅಳತೆ’.

ಕಾರಣ ಹೇಳುತ್ತೇನೆ. ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಅದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ, ಬಿಳಿ ಹೊಗೆಯಾಗಿ, ನಳಿಗೆಗೆ ಅಂಟುವ ಮಸಿಯಾಗಿ ಉಳಿದುಬಿಡುತ್ತದೆ. ನಿಮ್ಮ ಕೋವಿಯ ಕಬ್ಬಿಣ ಆ ಮೆದು ತಳ್ಳುವಿಕೆಗೆ ತಕ್ಕಂತೆ ಆದದ್ದು. ತೋಟಾದೊಳಗಿನದು ನೈಟ್ರೋಸೆಲ್ಯುಲೋಸ್ ಎಂಬ ಹೊಗೆ ಕಡಿಮೆಯ ಮದ್ದು. ಫ್ರಾನ್ಸಿನಲ್ಲಿ ಪಾಲ್ ವಿಯೆ ಅದನ್ನು ಕೋವಿಗೆ ಒಗ್ಗಿಸಿದ್ದು 1884ರಲ್ಲಿ, ನಿಮ್ಮ ಕೋವಿ ಹುಟ್ಟಿ ಇಪ್ಪತ್ತೇಳು ವರ್ಷದ ಮೇಲೆ. ಅದು ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತದೆ. ಜೊತೆಗೆ ಒತ್ತಡ ಏರಿದಷ್ಟೂ ಅದರ ಉರಿಯ ವೇಗ ಏರುತ್ತದೆ, ವೇಗ ಏರಿದಷ್ಟೂ ಒತ್ತಡ ಏರುತ್ತದೆ. ಮೇಲೆ ಮೂವತ್ತು ಗ್ರಾಂ ದಾಟಿದ ಸೀಸ ಕೂತಿರುವಾಗ ಈ ಓಟಕ್ಕೆ ಕಡಿವಾಣ ಇಲ್ಲ. ಹಾಗಾಗಿ ‘ಅರ್ಧ ಬಟ್ಟಲು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾಲು ಬಟ್ಟಲೂ ಇಲ್ಲ, ಚಿಟಿಕೆಯೂ ಇಲ್ಲ. ಬಣ್ಣ ನೋಡಿಯೂ ಮೋಸಹೋಗಬೇಡಿ. ತೋಟಾದ ಮದ್ದಿಗೂ ಗ್ರಾಫೈಟ್ ಲೇಪ ಇರುವುದರಿಂದ ಕಪ್ಪಾಗಿಯೇ ಕಾಣಬಹುದು. ಗುರುತು ಚೀಟಿ ಇಲ್ಲದ ಡಬ್ಬಿಯ ಮದ್ದು ಎಷ್ಟೇ ಕಪ್ಪಗಿದ್ದರೂ ಬೇಡ.

ನಿಮ್ಮ ಕೋವಿಯ ವಿವರ ಓದಿದರೆ 1853ರ ಎನ್‌ಫೀಲ್ಡ್ ಮಾದರಿ ಎನಿಸುತ್ತದೆ. ಇದೇ ಕೋವಿಯ ಕಾಗದದ ತೋಟಾಕ್ಕೆ ಸವರಿದ ಕೊಬ್ಬಿನ ಸುದ್ದಿಯೇ 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದು. ಅದರ ನಳಿಗೆಯ ಬಾಯಿ 0.577 ಅಂಗುಲ, ಒಳಗೆ ಗುಂಡನ್ನು ತಿರುಗಿಸಿ ಗುರಿ ಹಿಡಿಸುವ ಮೂರು ತಿರುಗುಗೆರೆಗಳು. ಸೈನ್ಯದಲ್ಲಿ 530 ಗ್ರೇನ್ ತೂಕದ ಗುಂಡಿಗೆ ಎರಡೂವರೆ ಡ್ರಾಮ್, ಅಂದರೆ 68 ಗ್ರೇನ್, ಸುಮಾರು 4.4 ಗ್ರಾಂ ಕರಿಮದ್ದು ಹಾಕುತ್ತಿದ್ದರು. ಅಮೆರಿಕದಲ್ಲಿ ಇಂತಹ ಹಳೆಯ ಕೋವಿಗಳಲ್ಲಿ ಗುರಿಸ್ಪರ್ಧೆ ಆಡುವವರು ಸಾಮಾನ್ಯವಾಗಿ 40ರಿಂದ 50 ಗ್ರೇನಿಗೆ ಇಳಿಸುತ್ತಾರೆ. ಗುರಿ ಕೆಡುವುದಿಲ್ಲ, ಎಷ್ಟೋ ಸಲ ಇನ್ನೂ ಚೆನ್ನಾಗಿ ಕೂರುತ್ತದೆ. ಅಂದರೆ ಕಡಿಮೆ ಈಡು ಎಂಬ ನಿಮ್ಮ ಆಸೆ ತಪ್ಪಲ್ಲ. ಕಡಿಮೆ ಮಾಡಬೇಕಾದದ್ದು ಕರಿಮದ್ದನ್ನೇ. ಕಾಳಿನ ದಪ್ಪವೂ ಮುಖ್ಯ. ಡಬ್ಬಿಯ ಮೇಲೆ ‘ಎಫ್’ ಅಕ್ಷರ ಹೆಚ್ಚಿದಷ್ಟೂ ಕಾಳು ಸಣ್ಣ, ಉರಿ ಚುರುಕು. ಇಷ್ಟು ದೊಡ್ಡ ಬಾಯಿಗೆ ಎರಡು ಎಫ್ ಸಾಕು. ನಾಲ್ಕು ಎಫ್ ಇರುವ ನುಣ್ಣನೆಯದು ಚಕಮಕಿ ಕೋವಿಯ ಕಿವಿಗೆ, ಅಂದರೆ ಕಿಡಿ ಬೀಳುವ ಹೊರಗಿನ ಪುಟ್ಟ ತಟ್ಟೆಗೆ ಹಾಕುವುದು, ನಳಿಗೆಗೆ ಅಲ್ಲ.

ಅರ್ಧ ಈಡು ಹಾಕುವವರು ಎಡವುವ ಜಾಗ ಇನ್ನೊಂದಿದೆ. ಮದ್ದು ಕಡಿಮೆಯಾದಾಗ ಗುಂಡು ಇನ್ನೂ ಕೆಳಗೆ ಇಳಿಯಬೇಕು. ಗಜದಿಂದ, ಅಂದರೆ ಗುಂಡು ತುರುಕುವ ಉದ್ದನೆಯ ಕಡ್ಡಿಯಿಂದ ಒತ್ತಿ, ಗುಂಡು ಮದ್ದಿನ ಮೇಲೆಯೇ ಕೂತಿದೆ ಎಂದು ಖಚಿತ ಮಾಡಿಕೊಳ್ಳಬೇಕು. ನಡುವೆ ಗಾಳಿ ಉಳಿದರೆ ಕರಿಮದ್ದೂ ನಳಿಗೆಯನ್ನು ಉಬ್ಬಿಸುತ್ತದೆ, ಒಡೆಯುತ್ತದೆ. ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಮಟ್ಟಕ್ಕೆ ಒಂದು ಗೆರೆ, ಈಡು ತುಂಬಿದ ಮೇಲೆ ಇನ್ನೊಂದು ಗೆರೆ ಹಾಕಿಕೊಳ್ಳುವುದು ಹಳಬರ ಪದ್ಧತಿ. ಒಳಗೆ ತಂದೆಯವರ ಕಾಲದ ಈಡು ಇನ್ನೂ ಉಳಿದಿದೆಯೇ ಎಂಬುದೂ ಇದೇ ಗೆರೆಯಿಂದ ತಿಳಿಯುತ್ತದೆ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯಬೇಡಿ, ಹಿಂದಿನ ಈಡಿನ ಕಿಡಿ ಒಳಗಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ತಾತ ಕೊಂಬಿನ ಬಟ್ಟಲು ಇಟ್ಟುಕೊಂಡಿದ್ದು ಅದಕ್ಕೇ.

ಸೀಸ ಮೆತ್ತಗಿರಬೇಕು, ಉಗುರಿನಿಂದ ಗೀರಿದರೆ ಗೆರೆ ಬೀಳಬೇಕು. ಹಳೆಯ ಬ್ಯಾಟರಿಯ ಸೀಸ ಖಂಡಿತ ಬೇಡ, ಕರಗಿಸುವಾಗ ವಿಷದ ಹೊಗೆ ಬರುತ್ತದೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಸಿಡಿದು ಮುಖಕ್ಕೆ ಹಾರುತ್ತದೆ. ಅಡುಗೆಮನೆ ಬೇಡ, ಮಕ್ಕಳು ಹತ್ತಿರ ಬೇಡ.

ಇನ್ನು ಆಯುಧಪೂಜೆ. ಪೂಜೆ ಮಾಡಿ, ಕುಂಕುಮ ಇಡಿ, ಹಾರಿಸಬೇಡಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, ಸಂಭ್ರಮಕ್ಕೆಂದು ಕೋವಿ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೆರೆ ಏರಿಯ ಕಲ್ಲಿಗೆ ತಾಗಿದ ಗುಂಡು ಎತ್ತ ಹಾರುತ್ತದೆ ಎಂದು ಯಾರೂ ಹೇಳಲಾರರು, ಆಚೆ ಬದಿಯಲ್ಲಿ ದನ ಕಾಯುವ ಹುಡುಗರಿರುತ್ತಾರೆ. ಮೊದಲು ಪರವಾನಗಿ ಇರುವ ಕೋವಿ ರಿಪೇರಿಯವರ ಹತ್ತಿರ ನಳಿಗೆ ತೋರಿಸಿ. ಆಮೇಲೆ ಅನುಮತಿ ಇರುವ ರೇಂಜ್‌ನಲ್ಲಿ ಹಾರಿಸುವ ಬಗ್ಗೆ ಜಿಲ್ಲಾ ಪೊಲೀಸರನ್ನು ಕೇಳಿ. ಮದ್ದನ್ನೂ ಪರವಾನಗಿ ಪುಸ್ತಕ ತೋರಿಸಿ ಅಧಿಕೃತ ಅಂಗಡಿಯಲ್ಲೇ ಕೊಳ್ಳಿ, ತಡವಾದರೂ ಚಿಂತೆಯಿಲ್ಲ.

ಒಂದು ಕೆಲಸ ಇವತ್ತೇ ಮಾಡಿ. ಮೊದಲು ಕೇಪು ಇಲ್ಲವೆಂದು ನೋಡಿಕೊಂಡು, ಕುದುರೆ ಇಳಿಸಿ, ಗಜ ಇಳಿಸಿ ಒಳಗೆ ಈಡಿಲ್ಲವೆಂದು ಖಚಿತ ಮಾಡಿಕೊಳ್ಳಿ. ಅಷ್ಟಾದ ಮೇಲೆ ಬಾಯಿಯ ಅಂಚಿಗೆ ಪಕ್ಕದಿಂದ ಟಾರ್ಚ್ ಬಿಟ್ಟು ಒಳಗೆ ತಿರುಗುಗೆರೆ ಇದೆಯೇ ನೋಡಿ. ವರ್ನಿಯರ್ ಸಿಕ್ಕರೆ ಬಾಯಿಯ ಅಳತೆಯನ್ನೂ ತೆಗೆಯಿರಿ. ಏಕೆ ಎಂದು ಆಮೇಲೆ ಹೇಳುತ್ತೇನೆ.

ನಂದಿ ತಪ್ಪಲು:

ಹಿರಿಯರ ಮಾತಿಗೆ ನನ್ನದೂ ಒಂದು ಸೇರಿಕೆ. ನಮ್ಮ ಚಿಕ್ಕಬಳ್ಳಾಪುರದ ಕಡೆ ಕಲ್ಲು ಕ್ವಾರಿಗಳು ಹೆಚ್ಚು. ಕರಿಮದ್ದು ಸಿಗದವರು ಕ್ವಾರಿಯವರನ್ನು ಕೇಳುವುದುಂಟು. ಬಂಡೆ ಸಿಡಿಸುವ ಸರಕು ಕೋವಿಗೆ ಆಗುವುದಿಲ್ಲ, ಪಟಾಕಿಯ ಮದ್ದೂ ಅಷ್ಟೇ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತದ್ದು ಇಲ್ಲಿ ಯಾರೂ ಮರೆತಿಲ್ಲ.

ಸರ್, ನಿಮ್ಮಲ್ಲಿ ಒಂದು ಪ್ರಶ್ನೆ. ನಮ್ಮ ಚಿಕ್ಕಪ್ಪನ ಬಳಿ ಹಳೆಯ .315 ರೈಫಲ್ ಇದೆ. ಅವರಿಗೆ ಭುಜದ ನೋವು, ಹೊಡೆತ ತಡೆಯಲಾಗುವುದಿಲ್ಲ. ಅದರ ತೋಟಾದ ಮದ್ದನ್ನೇ ಸ್ವಲ್ಪ ತೆಗೆದು, ಎರಕದ ಗುಂಡು ಕೂರಿಸಿದರೆ ಮೆತ್ತಗಾಗುತ್ತದೆಯೇ?

ಕೋಲಾರದ ನಿವೃತ್ತ:

ಇಲ್ಲ. ರೈಫಲ್ ತೋಟಾದ ಮದ್ದು ನಿಧಾನವಾಗಿ ಉರಿಯುವ ಜಾತಿಯದು. ತೋಟಾ ತುಂಬಿದ್ದಾಗ ಅದು ಹದವಾಗಿ ಉರಿಯುತ್ತದೆ. ಅರ್ಧ ಖಾಲಿ ಮಾಡಿದರೆ ಮದ್ದು ಒಂದು ಪಕ್ಕಕ್ಕೆ ಹರಡಿಕೊಂಡು, ಒಮ್ಮೆ ಗುಂಡನ್ನು ನಳಿಗೆಯ ನಡುವೆಯೇ ನಿಲ್ಲಿಸುತ್ತದೆ, ಇನ್ನೊಮ್ಮೆ ಒತ್ತಡ ದಿಢೀರನೆ ನೆಗೆದು, ತೋಟಾದ ಹಿಂದೆ ಮುಚ್ಚುವ ಬೋಲ್ಟನ್ನೇ ಕಿತ್ತುಹಾಕುತ್ತದೆ. ಹೊರದೇಶಗಳಲ್ಲಿ ಎರಕದ ಗುಂಡಿಗೆ ಕಡಿಮೆ ಈಡು ತುಂಬುವವರು ಆ ಮದ್ದನ್ನು ತೆಗೆದಿಟ್ಟು, ಬೇಗ ಉರಿಯುವ ಬೇರೆಯದನ್ನು, ತಯಾರಕರು ಅಚ್ಚು ಹಾಕಿಸಿದ ಪಟ್ಟಿ ನೋಡಿ, ತಕ್ಕಡಿಯಲ್ಲಿ ತೂಗಿ ಹಾಕುತ್ತಾರೆ. ಅಲ್ಲೂ ಒಂದೇ ತೋಟಾಕ್ಕೆ ಎರಡು ಸಲ ಸುರಿದುಬಿಡುವ ಭಯ ಇದ್ದೇ ಇದೆ. ಮೊದಲನೆಯದು ತಳದಲ್ಲಿ ಸ್ವಲ್ಪವೇ ಇರುವುದರಿಂದ ಎರಡನೆಯದೂ ಒಳಗೆ ಹಿಡಿಸಿಬಿಡುತ್ತದೆ. ನಮ್ಮ ದೇಶದಲ್ಲಿ ಮದ್ದುಗುಂಡು ತಯಾರಿಸಲು ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಬೇರೆಯೇ ಪರವಾನಗಿ ಬೇಕು, ಕೋವಿ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. ಚಿಕ್ಕಪ್ಪನವರ ಕೋವಿಯ ಭುಜಕ್ಕೆ ಆನಿಸುವ ತುದಿಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿಸಿಕೊಡಿ, ಹೊಡೆತ ಎಷ್ಟೋ ತಗ್ಗುತ್ತದೆ.

ಮಧುಗಿರಿ ರೈತ:

ಸರ್, ನಿಮ್ಮ ಬರಹವನ್ನು ಮೂರು ಸಲ ಓದಿದೆ, ಮನೆಯವಳಿಗೂ ಓದಿ ಹೇಳಿದೆ. ಆಯುಧಪೂಜೆಯ ಯೋಚನೆ ಕೈಬಿಟ್ಟೆ.

ಗಜ ಇಳಿಸಿದೆ, ಈಡು ಇಲ್ಲ. ಟಾರ್ಚ್ ಬಿಟ್ಟು ನೋಡಿದೆ. ಒಂದು ಗೆರೆಯೂ ಇಲ್ಲ, ಒಳಗೆಲ್ಲ ನುಣುಪು, ಬುಡದ ಕಡೆ ಮಾತ್ರ ತುಕ್ಕಿನ ಚುಕ್ಕೆಗಳು. ಪಂಪ್‌ಸೆಟ್ ರಿಪೇರಿ ಅಂಗಡಿಯಿಂದ ವರ್ನಿಯರ್ ತಂದು ಅಳೆದೆ. ಬಾಯಿ 16 ಮಿಲಿಮೀಟರ್ ದಾಟಿ, 16.7ರ ಹತ್ತಿರ ನಿಂತಿತು. ತಾತನ ಅಚ್ಚು ಬಿಡಿಸಿ ನೋಡಿದರೆ ಗುಂಡು ಗೋಲಿಯಂತೆ ಉರುಟು, ಮೂತಿ ಇಲ್ಲ. ನೀವು ಹೇಳಿದ 0.577 ಅಂಗುಲ ಎಂದರೆ 14.7 ಆಗುತ್ತದೆಯಲ್ಲವೇ? ಎಲ್ಲಿ ತಪ್ಪಿದೆ?

ಕೋಲಾರದ ನಿವೃತ್ತ:

ನೀವು ತಪ್ಪಿಲ್ಲ. ನನ್ನ ಅನುಮಾನವೂ ಇದೇ ಇತ್ತು. 1857ರ ಬಂಡಾಯದ ನಂತರ ಬ್ರಿಟಿಷರು ನಮ್ಮ ಸಿಪಾಯಿಗಳ ಕೈಗೆ ಗುರಿ ಹಿಡಿಯುವ ಕೋವಿ ಕೊಡಲು ಹೆದರಿದರು. 1858ರಲ್ಲಿ ಎನ್‌ಫೀಲ್ಡ್ ನಳಿಗೆಗಳ ತಿರುಗುಗೆರೆಯನ್ನು ಕೊರೆದು ತೆಗೆಸಿ, ಬಾಯಿಯನ್ನು 0.656 ಅಂಗುಲಕ್ಕೆ ಹಿಗ್ಗಿಸಿ ಕೊಟ್ಟರು. ಅದು 16.7 ಮಿಲಿಮೀಟರ್. ಹಾಗೆ ಕೊರೆದದ್ದರಿಂದ ನಳಿಗೆಯ ಗೋಡೆ ತೆಳುವಾಯಿತು, ಅದಕ್ಕೇ ಮರುವರ್ಷ ದಪ್ಪ ನಳಿಗೆಯ ಇನ್ನೊಂದು ಮಾದರಿ ಮಾಡಿದರು.

ನಿಮ್ಮದು ತೆಳು ಗೋಡೆಯದೋ ದಪ್ಪ ಗೋಡೆಯದೋ ನೋಡಬೇಕು. ಹಾಗಾಗಿ ನಾನು ಮೊದಲು ಬರೆದ 40, 50, 68ರ ಯಾವ ಲೆಕ್ಕವೂ ನಿಮ್ಮ ಕೋವಿಗೆ ಸಲ್ಲುವುದಿಲ್ಲ, ಅವನ್ನು ಬರೆದುಕೊಂಡಿದ್ದರೆ ಹೊಡೆದುಹಾಕಿ. ಬಾಯಿಯ ಅಂಚಿನಲ್ಲಿ ಕಬ್ಬಿಣದ ದಪ್ಪ ನಾಲ್ಕೂ ಕಡೆ ಎಷ್ಟಿದೆ ಎಂದು ಅದೇ ವರ್ನಿಯರ್‌ನಿಂದ ಅಳೆದು ಬರೆಯಿರಿ. ಬುಡದ ತುಕ್ಕಿನ ಆಳವನ್ನು ರಿಪೇರಿಯವರೇ ನೋಡಬೇಕು. ಅಲ್ಲಿಯವರೆಗೆ ಕೋವಿಗೆ ಎಣ್ಣೆ ಮಾತ್ರ.